ಮೂಲ ಒಂದೇ, ಬಿಪಿ ಬೇರೆ

ಅಮೆರಿಕದ ಕಪ್ಪು ಜನರಲ್ಲಿ ಬಿಪಿ ಜಾಸ್ತಿ, ಅದು ಜನಾಂಗದಿಂದಲೇ ಬರುತ್ತದೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅರ್ಧ ಮಾತು ಸಾರ್ ಇದು. 1997ರಲ್ಲಿ ಸಂಶೋಧಕ ರಿಚರ್ಡ್ ಕೂಪರ್ ತಂಡ ಪಶ್ಚಿಮ ಆಫ್ರಿಕಾ ಮೂಲದವರನ್ನೇ ಬೇರೆ ಬೇರೆ ಕಡೆ ಹೋಲಿಸಿತ್ತು. ಬಿಪಿ ಇದ್ದವರು ಪಶ್ಚಿಮ ಆಫ್ರಿಕಾದಲ್ಲಿ ಶೇ 16, ಕೆರಿಬಿಯನ್ ದ್ವೀಪಗಳಲ್ಲಿ ಶೇ 26, ಅಮೆರಿಕದಲ್ಲಿ ಶೇ 33. ಮೂಲ ಒಂದೇ, ಬದುಕು ಬೇರೆ ಅಲ್ವಾ?

ಮುಂಬೈ ಹತ್ತಿರದ ಡೊಂಬಿವಲಿಯಿಂದ ದಾದರ್‌ಗೆ ಹೋಗಿ ಹೋಟೆಲ್ ಗಲ್ಲಾದಲ್ಲಿ ಕೂರುವವನು ನಾನು. ಒಲೆ ಮುಂದೆ ನಿಲ್ಲುವ ನಮ್ಮೂರ ಹುಡುಗರಿಗೆ ಐದು ಗಂಟೆ ನಿದ್ದೆ ಸಿಕ್ಕರೆ ಪುಣ್ಯ. ಅವಸರದ ಊಟ, ಜೊತೆಗೆ ಉಪ್ಪಿನಕಾಯಿ. ಒಬ್ಬನಿಗೆ ಮೂವತ್ತೆಂಟಕ್ಕೇ ಮೇಲಿನ ಬಿಪಿ 170. ಮಾತ್ರೆ ಶುರು ಮಾಡಿದ, ತಿಂಗಳ ಕೊನೆಗೆ ದುಡ್ಡಿಲ್ಲ ಅಂತ ನಿಲ್ಲಿಸಿದ. ತಲೆನೋವೇ ಇಲ್ಲ, ಸುಮ್ನೆ ಯಾಕೆ ಅಂತ ನನ್ನನ್ನೇ ಕೇಳ್ತಾನೆ!