ನೋಡಲು ಬಂದವರ ಕಾಟ

ಮಂಗಳೂರಿನ ಆಸ್ಪತ್ರೆಯಿಂದ ಅಪ್ಪನನ್ನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಮನೆಗೆ ಕರೆತಂದದ್ದೇ ತಡ, ನೋಡಲು ಬರುವವರ ಸಾಲು ಶುರುವಾಯಿತು. ಬರಲಿ, ಸಂತೋಷವೇ. ಆದರೆ ‘ಹೇಗಿದ್ದೀರಿ ಅಣ್ಣ?’ ಎಂದು ಕೇಳಿದವರು ಉತ್ತರಕ್ಕೆ ಕಾಯುವುದಿಲ್ಲವಲ್ಲ! ಅಪ್ಪ ‘ಮೊಣಕಾಲು...’ ಎನ್ನುವಷ್ಟರಲ್ಲಿ ‘ನಮ್ಮ ಭಾವನಿಗೂ ಇದೇ ಆಪರೇಷನ್, ಮತ್ತೆ ಸರಿಯಾಗಿ ನಡೆಯಲೇ ಇಲ್ಲ’ ಎಂಬ ಕಥೆ ಹೊರಟಿರುತ್ತದೆ. ಮೊನ್ನೆ ಒಬ್ಬರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು, ಅದೂ ತಲೆಕೆಳಗಾಗಿ. ಕಣ್ಣು ಕಿರಿದು ಮಾಡಿ, ಲೊಚಗುಟ್ಟಿ, ‘ಆ ಡಾಕ್ಟರ ಹತ್ತಿರ ಯಾಕೆ ಹೋದಿರಿ?’ ಎಂದರು. ಬಿಲ್ ಎಷ್ಟಾಯಿತು ಎಂಬುದನ್ನು ಮಾತ್ರ ಮರೆಯದೆ ಕೇಳಿ ಖಚಿತಪಡಿಸಿಕೊಂಡರು.

ನಮ್ಮ ಕಡೆ ಕಾಯಿಲೆ ಜೋರಾದರೆ ಹೆಚ್ಚಿನವರು ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ. 2020ರಲ್ಲಿ ಗಡಿ ಮುಚ್ಚಿದಾಗ ಕಾಸರಗೋಡಿನ ರೋಗಿಗಳು ಪಟ್ಟ ಪಾಡನ್ನು ಯಾರೂ ಮರೆತಿಲ್ಲ. ಹಾಗಾಗಿ ಪ್ರತಿಯೊಬ್ಬರ ಹೊಟ್ಟೆಯಲ್ಲೂ ಒಂದು ಆಸ್ಪತ್ರೆಯ ಕಥೆ ಇದೆ, ಕೇಳುವ ಕಿವಿ ಸಿಕ್ಕಿಲ್ಲ. ಅದು ಅರ್ಥವಾಗುತ್ತದೆ. ಆದರೆ ಎದ್ದು ಓಡಲಾಗದವರನ್ನೇ ಹಿಡಿದು ಹೇಳಬೇಕೇ? ರಾತ್ರಿಯಿಡೀ ‘ನಾನು ನಡೆಯುತ್ತೇನಲ್ಲ?’ ಎಂದು ಅಪ್ಪ ಕೇಳುವಾಗ ಸಮಾಧಾನ ಹೇಳಲು ಆ ಪೈಕಿ ಯಾರೂ ಇರುವುದಿಲ್ಲ. ಅದು ನನ್ನ ಪಾಲು.