ಸರ್ಪಸುತ್ತಿಗೆ ಗರಿಕೆ ಲೇಪ ಹಚ್ಚಬಹುದೇ?

ಪರ

ಹಚ್ಚಬಹುದು. ವೈರಸ್ ಸಾಯಲಿ ಎಂದಲ್ಲ, ಉರಿ ತಣಿಯಲಿ ಎಂದು. ಗುಳ್ಳೆ ಎದ್ದ ಮೈಗೆ ಅಂಗಿ ಸೋಕಿದರೂ ಜೀವ ಹೋದಂತಾಗುತ್ತದೆ; ಮಾತ್ರೆ ನುಂಗಿದ ಮಾತ್ರಕ್ಕೆ ಆ ಉರಿ ಅಂದೇ ಇಳಿಯುವುದಿಲ್ಲ. ಒಂದು ಹಿಡಿ ಗರಿಕೆ ತೊಳೆದು, ಕುದಿಸಿ ಆರಿಸಿದ ನೀರಿನಲ್ಲಿ ನುಣ್ಣಗೆ ಅರೆದು, ಗುಳ್ಳೆಗಳನ್ನು ಬಿಟ್ಟು ಸುತ್ತಲಿನ ಚರ್ಮಕ್ಕೆ ತೆಳುವಾಗಿ ಸವರಿ. ಒಣಗುವ ಮೊದಲೇ ತೊಳೆಯಿರಿ.

ಗಿಡಮೂಲಿಕೆಯನ್ನು ಹಗುರವಾಗಿ ಕಾಣುವುದೂ ಸರಿಯಲ್ಲ. ಜ್ಯೇಷ್ಠಮಧುವಿನ ಗ್ಲಿಸಿರೈಜಿಕ್ ಆಮ್ಲ ಪ್ರಯೋಗಾಲಯದಲ್ಲಿ ವೈರಸ್ಸುಗಳ ಬೆಳವಣಿಗೆ ತಡೆದದ್ದು 1979ರಲ್ಲೇ ವರದಿಯಾಗಿದೆ. ಫ್ಲೂ ಮದ್ದು ಒಸೆಲ್ಟಮಿವಿರ್ ತಯಾರಿಕೆಗೆ ಬೇಕಾದ ಶಿಕಿಮಿಕ್ ಆಮ್ಲವನ್ನು ಚಕ್ರಮೊಗ್ಗಿನಿಂದ ತೆಗೆಯುತ್ತಾರೆ.

ವಿರೋಧ

ಶಿಕಿಮಿಕ್ ಆಮ್ಲ ಕಚ್ಚಾ ಸಾಮಗ್ರಿ ಅಷ್ಟೇ. ಚಕ್ರಮೊಗ್ಗಿನ ಕಷಾಯ ಕುಡಿದರೆ ಒಸೆಲ್ಟಮಿವಿರ್ ಕುಡಿದಂತಾಗದು. ಇನ್ನು ತಂಪಿಗಾದರೆ ತಣ್ಣೀರಿನ ಒದ್ದೆಬಟ್ಟೆ ಸಾಕು. ಒಂದು ಗುಳ್ಳೆ ಒಡೆದರೂ ಲೇಪ ಅಲ್ಲೇ ಅಂಟಿ ಒಣಗುತ್ತದೆ, ತೆಗೆಯುವಾಗ ಚರ್ಮವೂ ಕಿತ್ತು ಬರುತ್ತದೆ, ಆಮೇಲೆ ಕೀವು.

ಸೀತಾಳೆ ಸಿಡುಬು ತಂದ ವೈರಸ್ಸೇ ನರದ ಬುಡದಲ್ಲಿ ವರ್ಷಗಟ್ಟಲೆ ಅಡಗಿದ್ದು, ಎಂದೋ ಒಂದು ದಿನ ಅದೇ ನರದ ಗುಂಟ ಚರ್ಮಕ್ಕೆ ಬರುತ್ತದೆ. ಅದಕ್ಕೇ ಗುಳ್ಳೆಗಳು ಸಾಮಾನ್ಯವಾಗಿ ಮೈಯ ಒಂದೇ ಬದಿಗೆ ಪಟ್ಟಿಯಂತೆ ಏಳುತ್ತವೆ. ಹಾವಿನ ತಲೆ-ಬಾಲ ಕೂಡಿದರೆ ಸಾವು ಎಂಬ ಹೆದರಿಕೆಗೆ ಆಧಾರವಿಲ್ಲ. ನರದೊಳಗಿನ ವೈರಸ್ಸಿಗೆ ಮೇಲಿನ ಲೇಪ ಏನು ಮಾಡೀತು?

ಸರ್ಪಸುತ್ತಿಗೆ ವೈದ್ಯರು ಕೊಡುವ, ವೈರಸ್ ತಡೆಯುವ ಮಾತ್ರೆ ಅಸೈಕ್ಲೊವಿರ್ ಮಾಡುವ ಕೆಲಸವೇ ಬೇರೆ. ಸೋಂಕು ತಗುಲಿದ ಕೋಶದಲ್ಲಿ ವೈರಸ್ಸಿನದೇ ಕಿಣ್ವ ಈ ಮದ್ದನ್ನು ಚುರುಕಾಗಿಸುತ್ತದೆ. ಆಗ ಅದು ವೈರಸ್ಸಿನ ಡಿಎನ್‌ಎ ಸರಕ್ಕೆ ಮಣಿಯ ಹಾಗೆ ಸೇರಿಕೊಳ್ಳುತ್ತದೆ. ಮುಂದಿನ ಮಣಿ ಪೋಣಿಸಲು ಅದರಲ್ಲಿ ಕೊಂಡಿಯೇ ಇಲ್ಲ. ಸರ ಅಲ್ಲಿಗೇ ನಿಂತಿತು. ನರದ ಬುಡದಲ್ಲಿ ಮಲಗಿರುವ ವೈರಸ್ಸನ್ನು ಇದೂ ಅಳಿಸಲಾರದು, ಪೋಣಿಸುವ ಕೆಲಸ ನಡೆಯುತ್ತಿರುವಾಗ ಮಾತ್ರ ಇದರ ಆಟ. ಆದ್ದರಿಂದ ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾಗಬೇಕು. ಎಷ್ಟೋ ಮನೆಗಳಲ್ಲಿ ಲೇಪ ಹಚ್ಚುತ್ತ ಕಾಯುವುದು ಆ ಮೂರು ದಿನವನ್ನೇ.

ದೊಡ್ಡವರಿಗೆ ವಾಡಿಕೆಯ ಪ್ರಮಾಣ 800 ಮಿ.ಗ್ರಾಂ., ದಿನಕ್ಕೆ 5 ಸಲ, 7 ದಿನ. ಸುಮಾರು 3 ಗಂಟೆಯಲ್ಲಿ ರಕ್ತದೊಳಗಿನ ಮದ್ದು ಅರ್ಧಕ್ಕಿಳಿಯುವುದರಿಂದ ಬೆಳಿಗ್ಗೆ-ರಾತ್ರಿ ಎರಡೇ ಸಲ ನುಂಗಿದರೆ ನಡುವೆ ವೈರಸ್ಸಿಗೆ ಬಿಡುವು ಸಿಗುತ್ತದೆ. ಅಷ್ಟು ಸಲ ಆಗದವರಿಗೆ ಅದೇ ಬಗೆಯ ಮದ್ದು ವಾಲಸೈಕ್ಲೊವಿರ್ 1 ಗ್ರಾಂ, ದಿನಕ್ಕೆ 3 ಸಲ. ಕಿಡ್ನಿ ತೊಂದರೆಯಿದ್ದರೆ ವೈದ್ಯರು ಪ್ರಮಾಣ ಇಳಿಸುತ್ತಾರೆ, ಮುಚ್ಚಿಡದೆ ಹೇಳಿ. ಉಳಿದವರು ನೀರು ಚೆನ್ನಾಗಿ ಕುಡಿಯಬೇಕು. ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಅದೇ ನರ ಕಣ್ಣಿಗೂ ಹೋಗುತ್ತದೆ: ಅಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗಿ.