ಕೊನೆಯ ದಿನದ ಅವಸರ
ಶಿರಸಿಯ ದಂಪತಿ ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಕಾರಿನಲ್ಲಿ ಸುತ್ತಿದ ಪ್ರವಾಸದ ಕೊನೆಯ ದಿನಗಳ ಕುರಿತ ಲೇಖನವೊಂದನ್ನು ಓದಿದೆ. ಅದರಲ್ಲಿ, ಕಡಿದಾದ ಬಂಡೆಗಳ ನಡುವೆ ಒಳನಾಡಿಗೆ ಚಾಚಿದ ಕಡಲ ತೋಳಾದ ಮಿಲ್‌ಫೋರ್ಡ್ ಸೌಂಡ್‌ನ ಮಳೆಯ ವರ್ಣನೆ ನನಗೆ ಬಹಳ ಆಪ್ತವೆನಿಸಿತು. ವರ್ಷಕ್ಕೆ 6000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಅಲ್ಲಿ, ಮಳೆ ಬಂದಾಗಲೇ ಬಂಡೆಗಳಿಂದ ಲೆಕ್ಕವಿಲ್ಲದಷ್ಟು ಜಲಪಾತಗಳು ಇಳಿಯುವುದರಿಂದ, ದೇವಿಮನೆ ಘಟ್ಟದ ಆಷಾಢವನ್ನು ಬಲ್ಲ ಅವರು ದಿನ ಹಾಳಾಯಿತೆಂದು ಕೊರಗದೆ ಹೋಮರ್ ಸುರಂಗ ದಾಟಿ ನೋಡುತ್ತ ನಿಂತದ್ದು ಸಹಜವೇ. ಆದರೆ ಕ್ವೀನ್ಸ್‌ಟೌನ್‌ನಿಂದ ಕ್ರೈಸ್ಟ್‌ಚರ್ಚ್‌ವರೆಗಿನ ಸುಮಾರು 480 ಕಿ.ಮೀ. ದಾರಿಯನ್ನು, ಮರುದಿನ ವಿಮಾನವಿದೆಯೆಂದು ಒಂದೇ ಹಗಲಿನಲ್ಲಿ ಮುಗಿಸಿದ್ದನ್ನು ಓದಿ ಬೇಸರವಾಯಿತು. 2012ರಲ್ಲಿ ಘೋಷಿತವಾದ ಕತ್ತಲಾಕಾಶದ ರಕ್ಷಿತ ಪ್ರದೇಶಕ್ಕೆ (ನಕ್ಷತ್ರಗಳು ನಿಚ್ಚಳವಾಗಿ ಕಾಣಲೆಂದು ಕೃತಕ ಬೆಳಕಿಗೆ ಮಿತಿ ಹಾಕಿದ ಜಾಗ) ಸೇರಿದ ಟೆಕಾಪೊ ಸರೋವರ ಆ ದಾರಿಯಲ್ಲೇ ಸಿಗುತ್ತದೆ. ಒಬ್ಬರೇ ಕಾರು ಓಡಿಸುತ್ತಿದ್ದುದರಿಂದಲಾದರೂ (ದಣಿವು ದೊಡ್ಡ ಅಪಾಯ) ಅವರು ಅಲ್ಲಿ ಒಂದು ರಾತ್ರಿ ತಂಗಬೇಕಿತ್ತು. ಕಾರವಾರದಿಂದ ಅಲ್ಲಿಗೆ ಹೊರಡಲಿರುವ ನಾವಿಬ್ಬರೂ ಆ ರಾತ್ರಿಯ ವಸತಿಯನ್ನು ಈಗಲೇ ಕಾಯ್ದಿರಿಸಿದ್ದೇವೆ.